ಚಾರ್ಲ್ಸ್ ಸೇತುವೆಯ ಮೇಲೆ ನಿಂತಿದ್ದ ಅತ್ತೆ

ಕೋವಿಡ್ ಕಳೆದು ಜನ ಮತ್ತೆ ಧೈರ್ಯವಾಗಿ ವಿಮಾನ ಹತ್ತತೊಡಗಿದ್ದ ಕಾಲ. ಸಿಯಾಟಲ್‌ನ ಡೆನ್ನಿ ಟ್ರಯಾಂಗಲ್‌ನಲ್ಲಿ, ಕಿಟಕಿಯಿಂದ ಗಾಜಿನ ಗುಮ್ಮಟಗಳು ಕಾಣುವ ಒಂದು ಟವರಿನಲ್ಲಿ, ನಾನು ಟ್ರಾವೆಲ್ ಸೆಕ್ಯುರಿಟಿ ಅನಲಿಸ್ಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ದೊಡ್ಡ ಕಂಪನಿಗಳ ನೌಕರರು ಸದಾ ಎಲ್ಲಾದರೂ ಓಡಾಡುತ್ತಿರುತ್ತಾರೆ. ಹೋದ ಊರಿನಲ್ಲಿ ಭೂಕಂಪವೋ ಬಾಂಬೋ ಗಲಭೆಯೋ ಆದರೆ ಅಲ್ಲಿ ನಮ್ಮವರು ಯಾರಿದ್ದಾರೆ, ಬದುಕಿದ್ದಾರೆಯೇ, ಅವರನ್ನು ಹೊರಗೆ ತರುವುದು ಹೇಗೆ ಎಂದು ನೋಡಿಕೊಳ್ಳಲು ಒಂದು ಕೋಣೆ ಇರುತ್ತದೆ. ಗ್ಲೋಬಲ್ ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್ ಎಂದು ಅದಕ್ಕೆ ಹೆಸರು. ಗೋಡೆ ತುಂಬ ಸ್ಕ್ರೀನು, ಕಿವಿಗೆ ಹೆಡ್‌ಸೆಟ್, ಕೈಗೆ ಎಷ್ಟು ಸಲ ತುಂಬಿಸಿದರೂ ತಣ್ಣಗಾಗುವ ಕಾಫಿ. ಬೇರೆ ಬೇರೆ ಕಂಪನಿಗಳು ತಮ್ಮ ನೌಕರರನ್ನು ನಮ್ಮ ಕೈಗೆ ಒಪ್ಪಿಸಿದ್ದವು. ಅವರ ಬ್ಯಾಡ್ಜಿನ ಹಿಂದೆ ನಮ್ಮ ತುರ್ತು ನಂಬರು ಅಚ್ಚಾಗಿರುತ್ತಿತ್ತು.

ಪ್ರವಾಸ ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು. ಕತ್ತೆತ್ತಿ ನಡೆಯುತ್ತಾರೆ, ಫೋನು ಮುಂದೆ ಹಿಡಿದು ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ಎಲ್ಲರೂ ನಿಂತ ಕಡೆಯೇ ತಾವೂ ಹೋಗಿ ನಿಲ್ಲುತ್ತಾರೆ. ಯೂರೋಪಿನ ಹಳೆಯ ರಾಜಧಾನಿಗಳಲ್ಲಿ ಒಂದಕ್ಕೂ ನಾನು ಕಾಲಿಟ್ಟಿಲ್ಲ. ಆದರೂ ಅವುಗಳ ಪ್ರಸಿದ್ಧ ತಾಣಗಳು ನನಗೆ ಅಂಗೈ ಮೇಲಿನ ಗೆರೆಗಳಷ್ಟು ಪರಿಚಯ. ಯಾವ ಚೌಕಕ್ಕೆ ಎಲ್ಲೆಲ್ಲಿ ಬಾಯಿ, ಯಾವ ಗಲ್ಲಿ ಮುಂದೆ ಹೋಗಿ ಮುಚ್ಚಿಕೊಳ್ಳುತ್ತದೆ, ಯಾವ ಚರ್ಚಿನ ಬಾಗಿಲು ಒಳಮುಖವಾಗಿ ತೆರೆಯುತ್ತದೆ, ಇಂಥವೇ ನನ್ನ ತಲೆಯಲ್ಲಿರುವುದು.

ಪ್ರಾಗ್ ನಗರವನ್ನೇ ತೆಗೆದುಕೊಳ್ಳಿ. ಹಳೆಯ ಪೇಟೆಯ ಚೌಕದಲ್ಲಿ ಶತಮಾನಗಳ ಹಿಂದಿನ ಖಗೋಳ ಗಡಿಯಾರವಿದೆ. ಗಂಟೆಗೊಮ್ಮೆ ಅದರ ಕಿಟಕಿಯಲ್ಲಿ ಗೊಂಬೆಗಳು ಮೆರವಣಿಗೆ ಹೊರಡುತ್ತವೆ. ಆಗ ನೂರಾರು ಜನ ಬಾಯಿ ತೆರೆದು ಮೇಲೆ ನೋಡುತ್ತಾರೆ, ಜೇಬುಗಳ್ಳರು ಕೆಳಗೆ ನೋಡುತ್ತಾರೆ. ಅದೇ ಚೌಕದ ನೆಲಹಾಸಿನಲ್ಲಿ ಬಿಳಿಯ ಶಿಲುಬೆಗಳಿವೆ. ಹದಿನೇಳನೆಯ ಶತಮಾನದಲ್ಲಿ ದಂಗೆಯೆದ್ದ ಇಪ್ಪತ್ತೇಳು ಮಂದಿಯನ್ನು ಕೊಂದ ಜಾಗ ಅದು. ಅವರಲ್ಲಿ ಹನ್ನೆರಡು ಮಂದಿಯ ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ತೂಗುಹಾಕಿ ಹತ್ತು ವರ್ಷ ಹಾಗೇ ಬಿಟ್ಟಿದ್ದರು. ಅದಕ್ಕೂ ಮೊದಲು ಆ ದಂಗೆಕೋರರು ಗುಡ್ಡದ ಮೇಲಿನ ಕೋಟೆಯ ಕಿಟಕಿಯಿಂದ ರಾಜನ ಅಧಿಕಾರಿಗಳನ್ನು ಕೆಳಕ್ಕೆ ಎಸೆದಿದ್ದರು. ಗೈಡುಗಳು ಇದನ್ನೆಲ್ಲ ನಗುನಗುತ್ತ ಹೇಳುತ್ತಾರೆ, ಜನ ಐಸ್‌ಕ್ರೀಮ್ ತಿನ್ನುತ್ತ ಕೇಳುತ್ತಾರೆ. ರಕ್ತ ಹಳೆಯದಾದರೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಯಾರಿಗೂ ಅಡ್ಡಿಯಿಲ್ಲ.

ಆ ಸೇತುವೆ ನನ್ನ ಕಣ್ಣಿಗೆ ಒಂದು ಕಲ್ಲಿನ ಕೊಳವೆ. ಅರ್ಧ ಕಿಲೋಮೀಟರಿನಷ್ಟು ಉದ್ದ, ಎರಡೂ ತುದಿಗೆ ಗೋಪುರ, ಎರಡೂ ಬದಿಗೆ ಸಾಲು ವಿಗ್ರಹ, ಕೆಳಗೆ ಹೊಳೆ. ಗಾಡಿಗಳಿಗೆ ಪ್ರವೇಶವಿಲ್ಲ, ಆದ್ದರಿಂದ ಅಂಬುಲೆನ್ಸೂ ಸುಲಭಕ್ಕೆ ಬರುವುದಿಲ್ಲ. ಎರಡು ತುದಿಯನ್ನು ಬಿಟ್ಟರೆ ಹೊರಬೀಳಲು ಒಂದೇ ದಾರಿ. ಹಳೆಯ ಪೇಟೆಯಿಂದ ಕೋಟೆಯ ಕಡೆಗೆ ನಡೆದರೆ, ಆಚೆಯ ತುದಿ ಬರುವ ಮೊದಲು ಎಡಗಡೆಗೆ ಕಾಂಪಾ ಎಂಬ ನಡುಗಡ್ಡೆಗೆ ಇಳಿಯುವ ಮೆಟ್ಟಿಲುಗಳಿವೆ. ಪ್ರವಾಸಿಗರಲ್ಲಿ ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ.

ಆ ದಿನ ಪ್ರಾಗ್‌ನಲ್ಲಿ ರಾತ್ರಿಗೆ ಒಂದು ಫುಟ್‌ಬಾಲ್ ಪಂದ್ಯವಿತ್ತು. ಹೊರದೇಶದ ತಂಡದ ಅಭಿಮಾನಿಗಳು ಹಿಂದಿನ ದಿನವೇ ಬಂದು ಬೀಡುಬಿಟ್ಟಿದ್ದರು. ಅಭಿಮಾನಿಗಳು ಎಂದರೆ ಪೀಪಿ ಊದುವವರಲ್ಲ. ಪಂದ್ಯ ಒಂದು ನೆಪ. ಹೊಡೆದಾಟಕ್ಕೆ ಹಲ್ಲಿನ ಗಾರ್ಡು ಹಾಕಿಕೊಂಡು ತಯಾರಾಗಿ ಬರುವ ಗುಂಪುಗಳು ಅವರಲ್ಲಿರುತ್ತವೆ. ಮಧ್ಯಾಹ್ನದಿಂದ ಹಳೆಯ ಪೇಟೆಯ ಕಡೆ ಹೋಗಬೇಡಿ ಎಂದು ಆ ಊರಿನಲ್ಲಿದ್ದ ನಮ್ಮ ಎಲ್ಲ ಪ್ರವಾಸಿಗಳಿಗೂ ನಾವು ಎಚ್ಚರಿಕೆಯ ಸಂದೇಶ ಕಳಿಸಿದ್ದೆವು. ಇಂಥ ಸಂದೇಶವನ್ನು ಓದುವವರು ಮನೆಯಿಂದ ಹೊರಡದವರು ಮಾತ್ರ ಎಂಬುದು ನನ್ನ ಬಹುಕಾಲದ ಅನುಮಾನ.

ನಮಗೆ ಬೆಳಗಿನ ಕಾಫಿಯ ಹೊತ್ತು, ಅಲ್ಲಿ ಸಂಜೆ. ತುರ್ತು ಲೈನು ಹೊಡೆದುಕೊಂಡಿತು. ಹಿಂದೆ ಗಾಜು ಒಡೆಯುವ ಸದ್ದು, ಗಂಡಸರ ಕೂಗು. ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಹೆಸರು ಹೇಳಿದಳು: ರಶ್ಮಿ, ಸಿಯಾಟಲ್‌ನದೇ ಫ್ರೀಮಾಂಟ್ ಆಫೀಸಿನ ಪರ್ಚೇಸ್ ಮ್ಯಾನೇಜರ್. ಅವಳ ಇಂಗ್ಲಿಷಿನ ಎಳೆತ ಕೇಳಿದ ಕೂಡಲೇ ಕನ್ನಡದಲ್ಲೇ ಮಾತಾಡಿ ಎಂದೆ. ಅವಳಿಗೆ ಆಶ್ಚರ್ಯಪಡಲೂ ಪುರುಸೊತ್ತಿರಲಿಲ್ಲ.

"ಬ್ರಿಡ್ಜ್ ಹತ್ರ ಕೆಫೆಯಲ್ಲಿದೀನಿ. ಹೊರಗಡೆ ಹೊಡೆದಾಡ್ತಿದಾರೆ. ನಮ್ಮತ್ತೆ ಬ್ರಿಡ್ಜ್ ಮೇಲಿದಾರೆ, ಒಬ್ಬರೇ. ಕಾಲ್ ಮಾಡಿದ್ರೆ ಹೋಗ್ತಾನೇ ಇಲ್ಲ. ಆ ನದೀಗೆ ಎಸೆದ್ರಲ್ಲ, ಆ ಸಂತನ ಸ್ಟ್ಯಾಚೂ ಹತ್ರ ನಿಲ್ಲಿಸಿ ಬಂದಿದೀನಿ. ನಂಬರ್ ತಗೊಳ್ಳಿ."

ಅತ್ತೆಯ ಹೆಸರು ವಿಶಾಲಾಕ್ಷಿ ಎಂದಳು, ನಂಬರು ಹೇಳಿದಳು. ಹಸಿರು ಸೀರೆ, ಬೂದು ಜಾಕೆಟ್ ಎಂದಳು. ಅಷ್ಟರಲ್ಲಿ ಯಾರೋ ಹತ್ತಿರದಲ್ಲೇ ಅರಚಿದರು, ಅವಳೂ ಕಿರುಚಿದಳು. ಫೋನು ನೆಲಕ್ಕೆ ಬಿದ್ದದ್ದು ಕೇಳಿಸಿತು, ಅದರ ಮೇಲೆ ಬೂಟು ಬಿದ್ದದ್ದೂ ಕೇಳಿಸಿತು. ಲೈನು ಸತ್ತಿತು.

ಹಿನ್ನೆಲೆ ಪೂರ್ತಿ ತಿಳಿದದ್ದು ಆಮೇಲೆ. ಕಾನ್ಫರೆನ್ಸ್ ಒಂದಕ್ಕೆಂದು ರಶ್ಮಿ ಪ್ರಾಗ್‌ಗೆ ಹೊರಟಿದ್ದಳು. ಮಗನ ಮನೆಗೆ ಬಂದಿದ್ದ ಅತ್ತೆ ಮೈಸೂರಿಗೆ ವಾಪಸಾಗುವವರಿದ್ದರು. ದಾರಿಯಲ್ಲಿ ನಾಲ್ಕು ಜಾಗ ತೋರಿಸಿ ಅಲ್ಲಿಂದಲೇ ವಿಮಾನ ಹತ್ತಿಸಿದರಾಯಿತೆಂದು ಜೊತೆಗೆ ಕರೆದುಕೊಂಡು ಹೋಗಿದ್ದಳು. ಸೇತುವೆಯ ನಡುವೆ ಆ ಸಂತನ ವಿಗ್ರಹವಿದೆ. ಹಿಂದಿನ ಕಾಲದಲ್ಲಿ ಅವನನ್ನು ಅಲ್ಲಿಂದಲೇ ಹೊಳೆಗೆ ಎಸೆದು ಕೊಂದರಂತೆ. ಅದರ ಬುಡದ ಕಂಚಿನ ಫಲಕವನ್ನು ಮುಟ್ಟಿದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯಿಂದ ಸದಾ ಕ್ಯೂ ಇರುತ್ತದೆ. ಅತ್ತೆ ಕ್ಯೂ ನಿಂತರು. ಅವರಿಗೆ ಸಂಜೆಯ ಮಾತ್ರೆ ನುಂಗಲು ಬಿಸಿನೀರೇ ಆಗಬೇಕು, ಬಾಟಲಿಯ ತಣ್ಣೀರು ಮುಟ್ಟುವವರಲ್ಲ. ಫ್ಲಾಸ್ಕ್ ಖಾಲಿಯಾಗಿತ್ತು. ಸೊಸೆ ಫ್ಲಾಸ್ಕ್ ಹಿಡಿದು ಹಳೆಯ ಪೇಟೆಯ ಕಡೆಯ ಗೋಪುರದ ಪಕ್ಕದ ಕೆಫೆಗೆ ಹೋದಳು. ಹೋಗುವಾಗ, ಜಾತ್ರೆಯಲ್ಲಿ, ರೈಲ್ವೇ ಸ್ಟೇಷನ್ನಿನಲ್ಲಿ ನಮ್ಮೆಲ್ಲರಿಗೂ ಹೇಳಿಕೊಟ್ಟಿರುವ ಮಾತನ್ನೇ ಹೇಳಿದಳು: ಇಲ್ಲೇ ನಿಂತಿರಿ, ಏನೇ ಆದ್ರೂ ಎಲ್ಲೂ ಹೋಗ್ಬೇಡಿ, ನಾನೇ ಬರ್ತೀನಿ.

ನನ್ನ ಪಕ್ಕದ ಡೆಸ್ಕಿನಲ್ಲಿ ಡೆರಿಕ್ ಇದ್ದ. ಹಿಂದೆ ಮಿಲಿಟರಿ ಪೊಲೀಸ್ ಆಗಿದ್ದವನು, ಮಾತು ಕಡಿಮೆ. ಅವನು ಪ್ರಾಗ್ ಪೊಲೀಸರ ಲೈನು ಹಿಡಿದ. ಮ್ಯಾಪಿನಲ್ಲಿ ಕೆಫೆಯ ನಂಬರು ಹುಡುಕಿ ಅದಕ್ಕೂ ಮಾಡಿದ. ಮಾಲೀಕ ಮುರುಕು ಇಂಗ್ಲಿಷಿನಲ್ಲಿ, ಷಟರ್ ಎಳೆದಿದ್ದೇನೆ, ಇಂಡಿಯನ್ ಹೆಂಗಸು ಒಳಗಿದ್ದಾಳೆ, ಕೈಗೆ ಗಾಜು ತಗುಲಿದೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ರಶ್ಮಿಯ ಗಂಡ ಪ್ರಸನ್ನನ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಬೆಳಗಿನ ಫ್ಲೈಟಿನಲ್ಲಿ ಸ್ಯಾನ್ ಹೋಸೆಗೆ ಹೊರಟು ಆಕಾಶದಲ್ಲಿದ್ದ. ಸೊಸೆ ಷಟರಿನೊಳಗೆ ಕ್ಷೇಮ. ಈಗ ಉಳಿದದ್ದು ಅತ್ತೆ.

ಪ್ರಸಿದ್ಧ ತಾಣಗಳಿಂದ ನನಗಿರುವ ಒಂದೇ ಲಾಭ ಲೈವ್ ಕ್ಯಾಮರಾಗಳು. ಮನೆಯಲ್ಲಿ ಕೂತೇ ಊರು ನೋಡಲೆಂದು ಯಾರು ಯಾರೋ ಅಲ್ಲಲ್ಲಿ ಇಟ್ಟಿರುತ್ತಾರೆ. ಚಾರ್ಲ್ಸ್ ಸೇತುವೆಯ ಎರಡೂ ತುದಿಯ ಕ್ಯಾಮರಾಗಳನ್ನು ಗೋಡೆಯ ಸ್ಕ್ರೀನಿಗೆ ಹಾಕಿದೆ. ಚಿತ್ರವಷ್ಟೇ, ಸದ್ದಿಲ್ಲ.

ಹಳೆಯ ಪೇಟೆಯ ತುದಿಯಲ್ಲಿ ಕೆಂಪು ಹೊಗೆ. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿಕೊಂಡ ಗಂಡಸರು ಕೆಫೆಗಳ ಕಬ್ಬಿಣದ ಕುರ್ಚಿಗಳನ್ನು ಎತ್ತಿ ಎಸೆಯುತ್ತಿದ್ದರು. ಒಬ್ಬ ಬೆಲ್ಟನ್ನು ಮುಷ್ಟಿಗೆ ಸುತ್ತಿಕೊಂಡು ಅದರ ಬಕಲಿನಿಂದ ಇನ್ನೊಬ್ಬನ ಬಾಯಿಗೆ ಬಾರಿಸುತ್ತಿದ್ದ. ಪೆಟ್ಟು ತಿಂದವನು ಬಿದ್ದ ಮೇಲೂ ನಾಲ್ಕು ಜನ ಸುತ್ತ ನಿಂತು ತಲೆಗೆ ಒದೆಯುತ್ತಿದ್ದರು, ಸರದಿಯ ಮೇಲೆ. ಬೀದಿಯಲ್ಲಿ ಸಂಗೀತ ನುಡಿಸುವವನೊಬ್ಬನ ದೊಡ್ಡ ಪಿಟೀಲನ್ನು ಕಿತ್ತುಕೊಂಡು ಅವನ ಬೆನ್ನ ಮೇಲೇ ಮುರಿದರು. ಹದಿನೈದು ವರ್ಷದ ಕೆಲಸದಲ್ಲಿ ಬಾಂಬು ಸಿಡಿದ ಜಾಗಗಳನ್ನೂ ನೋಡಿದ್ದೇನೆ. ಆದರೆ ಕೈಯಾರೆ ಹೊಡೆಯುವುದನ್ನು ನೋಡುವುದು ಬೇರೆ. ಹೊಡೆಯುವವರ ಮುಖದಲ್ಲಿ ಖುಷಿ ಕಾಣುತ್ತಿತ್ತು.

ಇನ್ನೊಂದು ಕ್ಯಾಮರಾದಲ್ಲಿ, ಕೋಟೆಯ ಕಡೆಯ ತುದಿಯಲ್ಲಿ, ಎದುರು ತಂಡದವರು ಸೇರುತ್ತಿದ್ದರು. ಸುದ್ದಿ ತಲುಪಿತ್ತು. ಬಾವುಟದ ಕೋಲುಗಳಿಂದ ಬಾವುಟ ಬಿಚ್ಚಿ ಕೋಲನ್ನಷ್ಟೇ ಹಿಡಿದುಕೊಂಡಿದ್ದರು. ಎರಡೂ ಕಡೆಯಿಂದ ಅವರು ಸೇತುವೆಗೆ ನುಗ್ಗಿದರೆ ನಡುವೆ ಸಿಕ್ಕಿದವರು ಅರೆಯುವ ಕಲ್ಲಿಗೆ ಸಿಕ್ಕ ಹಾಗೆ. ಆ ನಡುವಿನಲ್ಲೇ, ವಿಗ್ರಹದ ಬುಡದಲ್ಲಿ, ಹಸಿರು ಸೀರೆಯ ಒಂದು ಪುಟ್ಟ ಆಕೃತಿ ಕಲ್ಲಿನ ಕಟ್ಟೆ ಹಿಡಿದು ಹೊಳೆ ನೋಡುತ್ತ ನಿಂತಿತ್ತು. ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರಿಂದ ತುದಿಯಲ್ಲಿ ಏನಾಗುತ್ತಿದೆ ಎಂದು ನಡುವಿನವರಿಗೆ ಇನ್ನೂ ಗೊತ್ತಾಗಿರಲಿಲ್ಲ.

ಹಲವು ಸಲ ಪ್ರಯತ್ನಿಸಿದ ಮೇಲೆ ಲೈನು ಸಿಕ್ಕಿತು.

"ನಮಸ್ಕಾರ, ವಿಶಾಲಾಕ್ಷಮ್ಮ ಅವರಾ? ನಾನು ಶಾಲಿನಿ ಅಂತ. ನಿಮ್ಮ ಸೊಸೆ ಕಂಪನಿಯ ಸೆಕ್ಯುರಿಟಿಯಿಂದ ಮಾತಾಡ್ತಿದೀನಿ. ನೀವು ಈಗ ಅಪಾಯದಲ್ಲಿದೀರಿ, ನಾನು ಹೇಳಿದ ಹಾಗೆ ಮಾಡಿ."

"ಓಹೋ, ಕನ್ನಡದಲ್ಲೇ ಶುರು ಮಾಡಿದೀರಾ ಈಗ," ಎಂದರು ಆಕೆ. ದನಿಯಲ್ಲಿ ಹೆದರಿಕೆಯ ಸುಳಿವೇ ಇಲ್ಲ. "ನನ್ನ ಸೊಸೆ ನೀರು ತರೋಕೆ ಹೋಗಿದಾಳೆ. ನಾನು ರಿಟೈರಾಗೋವರೆಗೂ ಬ್ಯಾಂಕ್ ಮ್ಯಾನೇಜರ್ ಆಗಿದ್ದೋಳು ಕಣಮ್ಮ. ನಿಮ್ಮಂಥೋರ ಬಗ್ಗೆ ಜನಕ್ಕೆ ಭಾಷಣ ಮಾಡಿದೀನಿ. ಇಡು ಫೋನು."

ಕಟ್ ಮಾಡಿದರು. ಹೆಡ್‌ಸೆಟ್ ಕಿತ್ತು ಎಸೆಯಬೇಕು ಎನ್ನಿಸಿತು. ಆದರೆ ಆಕೆಯದೇನು ತಪ್ಪು? ನಮ್ಮ ಲೈನಿನ ನಂಬರು ಹೊರಗೆ ಕಾಣುವುದಿಲ್ಲ, ಎಲ್ಲರ ಫೋನಿನಲ್ಲೂ ಅನಾಮಧೇಯ ಎಂದೇ ಬರುತ್ತದೆ. ಗುರುತಿಲ್ಲದ ದನಿ, ಸೆಕ್ಯುರಿಟಿ ಎಂಬ ಪದ, ನೀವು ಅಪಾಯದಲ್ಲಿದ್ದೀರಿ, ಹೇಳಿದಂತೆ ಕೇಳಿ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ದೋಚುವವರು ಮಾತು ಶುರು ಮಾಡುವುದೂ ಹೀಗೇ. ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಇಂಥ ಕರೆ ಬಂದರೆ ಬೈದು ಇಡು ಎಂದು ನಾನೇ ಹೇಳಿದ್ದೇನೆ.

ಎರಡನೆಯ ಸಲ ಇನ್ನಷ್ಟು ನಂಬಿಕೆ ಹುಟ್ಟಿಸಲು ಹೋದೆ.

"ಅಮ್ಮಾ, ನಾನು ನಿಮ್ಮನ್ನ ಕ್ಯಾಮರಾದಲ್ಲಿ ನೋಡ್ತಿದೀನಿ. ಹಸಿರು ಸೀರೆ, ಬೂದು ಜಾಕೆಟ್. ಕಟ್ಟೆ ಹಿಡ್ಕೊಂಡಿದೀರಿ."

ಸ್ಕ್ರೀನಿನಲ್ಲಿ ಆ ಆಕೃತಿ ಗಕ್ಕನೆ ತಿರುಗಿ ಸುತ್ತ ನೋಡಿತು. ಈಗ ದನಿ ನಡುಗುತ್ತಿತ್ತು, ಆದರೆ ಸಿಟ್ಟಿನಿಂದ.

"ಕ್ಯಾಮರಾದಲ್ಲಿ ನೋಡ್ತಿದೀವಿ ಅಂತಾನೇ ಹೆದರಿಸೋದು ನೀವು. ನಮ್ಮ ಬೀದಿ ಮೇಷ್ಟ್ರನ್ನ ಹಿಂಗೇ ರೂಮಲ್ಲಿ ಕೂರಿಸಿಬಿಟ್ಟಿದ್ರಿ, ಊಟಾನೂ ಮಾಡದ ಹಾಗೆ. ನಾನು ಎಲ್ಲೂ ಬರಲ್ಲ. ಇಲ್ಲೇ ನಿಂತಿರು ಅಂತ ನನ್ನ ಸೊಸೆ ಹೇಳಿದಾಳೆ, ಅವಳು ಬರೋವರೆಗೂ ಕದಲಲ್ಲ."

ಮತ್ತೆ ಕಟ್.

ಹಳೆಯ ಪೇಟೆಯ ಗೋಪುರದ ಕಮಾನಿನಿಂದ ಜನ ಸೇತುವೆಯೊಳಕ್ಕೆ ಓಡತೊಡಗಿದರು. ಅವರ ಹಿಂದೆಯೇ ಪಟಾಕಿ ಸಿಡಿಸಿ ಜನರ ಕಾಲಿನ ನಡುವೆ ಎಸೆಯುತ್ತ ಗುಂಪು ಬಂತು. ಮಗುವನ್ನು ಹೆಗಲಿಗೇರಿಸಿಕೊಂಡ ಗಂಡಸೊಬ್ಬ ಮುಗ್ಗರಿಸಿ ಬಿದ್ದ. ಓಡುವವರು ಅವನನ್ನು ತುಳಿದುಕೊಂಡೇ ಹೋದರು. ವಿಗ್ರಹದ ಸುತ್ತಲಿದ್ದ ಕ್ಯೂ ಚೆದುರಿತು. ಹಸಿರು ಸೀರೆ ಮಾತ್ರ ಕಟ್ಟೆಗೆ ಬೆನ್ನು ಕೊಟ್ಟು, ಚೀಲವನ್ನು ಎದೆಗವಚಿಕೊಂಡು, ನಿಂತಲ್ಲೇ ನಿಂತಿತ್ತು. ಅವರ ಮೊಂಡುತನ ನೋಡಿ ನನಗೆ ಅಳು ಬಂತು. ನಮ್ಮಮ್ಮನೂ ಹಾಗೇ ನಿಂತಿರುತ್ತಿದ್ದಳು.

ಲೈನಿನಲ್ಲಿರುವವರನ್ನು ಯಾವ ಕಾರಣಕ್ಕೂ ಬಿಡಬೇಡ ಎಂಬುದು ನಮ್ಮ ತರಬೇತಿಯ ಮೊದಲ ಪಾಠ. ಮಾತಾಡಿಸುತ್ತಿರು, ಉಸಿರು ಕೇಳುತ್ತಿರು, ಹೆಜ್ಜೆ ಹೆಜ್ಜೆಗೂ ದಾರಿ ಹೇಳು. ಮೋಸಗಾರರ ಮೊದಲ ಪಾಠವೂ ಅದೇ ಎಂದು ಆ ಗಳಿಗೆಯಲ್ಲಿ ಹೊಳೆಯಿತು. ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ ಎನ್ನುತ್ತಾರೆ ಅವರು. ಮೂರನೆಯ ಸಲ ಲೈನು ಸಿಕ್ಕಾಗ ನಾನು ಉಲ್ಟಾ ಮಾತಾಡಿದೆ.

"ವಿಶಾಲಾಕ್ಷಮ್ಮ, ನನ್ನನ್ನ ನಂಬಬೇಡಿ. ಕಳ್ಳಿ ಅಂತಾನೇ ಅಂದ್ಕೊಳ್ಳಿ. ನಂಗೆ ಏನೂ ಹೇಳ್ಬೇಡಿ. ಈಗ್ಲೇ ಫೋನ್ ಇಟ್ಟು, ಸ್ವಿಚ್ ಆಫ್ ಮಾಡಿ ಚೀಲಕ್ಕೆ ಹಾಕ್ಕೊಳ್ಳಿ. ಅಲ್ಲೇ ಯಾರಾದ್ರೂ ಹೆಂಗಸನ್ನ ಕೇಳಿ, ಕೆಳಗೆ ಇಳಿಯೋ ಮೆಟ್ಟಿಲು ಎಲ್ಲಿ ಅಂತ. ಕೋಟೆ ಕಡೆ ಹೋದ್ರೆ ಎಡಕ್ಕೆ ಇದೆ. ನಾನು ಹೇಳಿದೆ ಅಂತ ಹೋಗ್ಬೇಡಿ. ಅವರು ಇದೆ ಅಂದ್ರೆ ಹೋಗಿ."

ಆ ಕಡೆ ಕೂಗಾಟ, ಪಟಾಕಿಯ ಸದ್ದು.

"ಯಾವ ಕಳ್ಳರೂ ಫೋನ್ ಇಡು ಅನ್ನಲ್ಲ ಕಣಮ್ಮ," ಎಂದರು ನಿಧಾನವಾಗಿ. ಆಮೇಲೆ, "ನನ್ನ ಸೊಸೆ?"

"ಅಂಗಡಿ ಒಳಗಿದಾಳೆ. ಷಟರ್ ಎಳೆದಿದಾರೆ."

ಲೈನು ಕಟ್ಟಾಯಿತು. ಡೆರಿಕ್ ನನ್ನ ಕಡೆ ತಿರುಗಿ, ಹೋದಳಾ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಇಬ್ಬರೂ ಸ್ಕ್ರೀನಿನ ಮುಂದೆ ನಿಂತೆವು.

ಆಕೆ ಚೀಲದ ಜಿಪ್ಪು ಹಾಕಿದರು. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಸೈಕಲ್ ತಳ್ಳಿಕೊಂಡು ಓಡುತ್ತಿದ್ದ ಕೆಂಪು ಕೂದಲಿನ ಹೆಂಗಸೊಬ್ಬಳ ತೋಳು ಹಿಡಿದು ನಿಲ್ಲಿಸಿದರು. ಅವಳು ಕೋಟೆಯ ಕಡೆಗೆ ಕೈ ತೋರಿದಳು. ಇಬ್ಬರೂ ಹೊರಟರು. ಅಷ್ಟರಲ್ಲಿ ಎದುರಿನ ಗುಂಪು ಕೋಲು ಎತ್ತಿಕೊಂಡು ಆ ತುದಿಯಿಂದ ನುಗ್ಗಿತು. ಮುಂದೆ ಓಡಿದ್ದ ಜನ ಅಷ್ಟೂ ತಿರುಗಿ ಇವರ ಮೇಲೇ ಬಿದ್ದರು. ಹಸಿರು ಸೀರೆ ಕೆಳಗೆ ಹೋಯಿತು. ಕೆಂಪು ಕೂದಲಿನವಳು ಸೈಕಲ್ ಬಿಟ್ಟು, ಯಾರದೋ ಮುಖಕ್ಕೆ ಮೊಣಕೈಯಿಂದ ತಿವಿದು, ಆಕೆಯನ್ನು ಜಾಕೆಟ್ ಹಿಡಿದು ಎಳೆದೆಬ್ಬಿಸಿದಳು. ಎಡಗಡೆಯ ಕಲ್ಲಿನ ಕಟ್ಟೆ ಮುಗಿದು ಮೆಟ್ಟಿಲು ಶುರುವಾಗುವಲ್ಲಿ ಇಬ್ಬರೂ ಕಣ್ಮರೆಯಾದರು.

ಡೆರಿಕ್ ಟೇಬಲ್ಲಿಗೆ ಒಂದು ಗುದ್ದು ಹಾಕಿ ಕೂತುಬಿಟ್ಟ. ಗೆದ್ದೆ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಆಮೇಲೆ ಮೊದಲ ಕ್ಯಾಮರಾ ನೋಡಿದೆ. ಗೋಪುರದ ಪಕ್ಕದಿಂದ, ಕೆಫೆಯ ಹಿಂಬಾಗಿಲಿರಬೇಕು, ನೀಲಿ ಕೋಟಿನ ಹೆಂಗಸೊಬ್ಬಳು ಹೊರಬಂದಳು. ಒಂದು ಕೈಗೆ ಬಿಳಿ ಬಟ್ಟೆ ಸುತ್ತಿತ್ತು, ಇನ್ನೊಂದು ಕೈಯಲ್ಲಿ ಸ್ಟೀಲ್ ಫ್ಲಾಸ್ಕ್ ಇತ್ತು. ಎಲ್ಲರೂ ಸೇತುವೆಯಿಂದ ಹೊರಕ್ಕೆ ನುಗ್ಗುತ್ತಿದ್ದರೆ ಅವಳು, ಕಮಾನಿನ ಬಳಿ ಇನ್ನೂ ಪಟಾಕಿ ಎಸೆಯುತ್ತಿದ್ದ ಗುಂಪನ್ನು ದಾಟಿ, ಗೋಡೆಗೆ ಒತ್ತಿಕೊಂಡು ಒಳಕ್ಕೆ ಓಡುತ್ತಿದ್ದಳು. ಮುಖ ಕಾಣುವಷ್ಟು ಸ್ಪಷ್ಟವಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ.

ಅವಳ ಫೋನು ಪುಡಿಯಾಗಿತ್ತು. ಅತ್ತೆಯ ಫೋನಿಗೆ ಮಾಡಿದೆ: ಸ್ವಿಚ್ ಆಫ್. ನಾನೇ ಮಾಡಿಸಿದ್ದು. ಡೆರಿಕ್ ಪೊಲೀಸರ ಲೈನಿನಲ್ಲಿ ನೀಲಿ ಕೋಟು, ಸೇತುವೆಯ ನಡುಭಾಗ ಎಂದು ಕೂಗುತ್ತಿದ್ದ. ಎರಡೂ ತುದಿಯಲ್ಲಿ ಪೊಲೀಸರು ಸಾಲುಗಟ್ಟುತ್ತಿದ್ದೇವೆ ಎಂದರಂತೆ. ರಶ್ಮಿ ವಿಗ್ರಹದ ಬುಡ ತಲುಪಿದಳು. ಅಲ್ಲಿ ಯಾರೂ ಇರಲಿಲ್ಲ. ಅವಳು ಕಟ್ಟೆಯ ಮೇಲಿನಿಂದ ಬಾಗಿ ಹೊಳೆಯನ್ನು ನೋಡಿದಳು. ತಿರುಗಿದಳು, ಬಾಯಿಗೆ ಕೈ ಇಟ್ಟು ಕೂಗಿದಳು, ಮತ್ತೆ ಹೊಳೆ ನೋಡಿದಳು. ಓಡಬಹುದಿತ್ತು, ಇನ್ನೂ ದಾರಿ ಇತ್ತು. ಅವಳು ಅಲ್ಲೇ ಸುತ್ತುತ್ತಿದ್ದಳು.

ಎರಡೂ ಗುಂಪುಗಳು ಅವಳ ಮೇಲೇ ಬಂದು ಸೇರಿದವು. ಮೊದಲ ಕೋಲು ಅವಳಿಗೆಂದು ಬೀಸಿದ್ದಲ್ಲ. ಅದು ಅವಳ ಭುಜಕ್ಕೆ ಬಿತ್ತು, ಫ್ಲಾಸ್ಕ್ ಹಾರಿಹೋಯಿತು. ಮೊಣಕಾಲೂರಿ ಎದ್ದು ನಿಲ್ಲಲು ನೋಡಿದಳು. ಎರಡನೆಯದು ಮುಖಕ್ಕೆ. ಬಿದ್ದವಳ ಮೇಲೆ ಬೂಟುಗಳು ಹೋದವು, ಬಂದವು. ಒಬ್ಬ ಬೇಕೆಂದೇ ನಿಂತು ಒದ್ದ. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿರಲಿಕ್ಕಿಲ್ಲ. ಸದ್ದೇ ಇಲ್ಲದ ಆ ಚಿತ್ರದ ಮುಂದೆ ನಿಂತು ನಾನು ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ ಎಂದು ಡೆರಿಕ್ ಆಮೇಲೆ ಹೇಳಿದ. ಪೊಲೀಸರ ಗುರಾಣಿಗಳು ಆ ಜಾಗಕ್ಕೆ ಬಂದು ಮುಟ್ಟಿದಾಗ ನೀಲಿ ಕೋಟು ಮಿಸುಕುತ್ತಿರಲಿಲ್ಲ.

ಪ್ರಸನ್ನ ವಿಮಾನ ಇಳಿದು ಫೋನ್ ಆನ್ ಮಾಡಿದ ಕೂಡಲೇ ಸಿಕ್ಕಿದ. ಇಂಥ ಸುದ್ದಿಯನ್ನು ಸುತ್ತಿ ಬಳಸಿ ಹೇಳಬಾರದು. ಅಮ್ಮ ಕ್ಷೇಮ, ರಶ್ಮಿ ಆಸ್ಪತ್ರೆಯಲ್ಲಿ, ಆಪರೇಷನ್ ನಡೆಯುತ್ತಿದೆ ಎಂದೆ.

"ಅದು ಹೇಗೆ? ಇಬ್ರೂ ಒಟ್ಟಿಗೇ ಇದ್ರಲ್ಲ," ಎಂದ. 

ಪ್ರಾಗ್‌ಗೆ ಹೋಗುವ ಮುಂದಿನ ವಿಮಾನದ ಸೀಟು ಹಿಡಿದುಕೊಟ್ಟೆ.

ರಶ್ಮಿ ಬದುಕಿದಳು. ದವಡೆಗೆ ತಗಡು ಹಾಕಿದರು, ಹೊಟ್ಟೆಯೊಳಗೆ ಒಡೆದಿದ್ದ ಗುಲ್ಮವನ್ನು, ಎಂದರೆ ಸ್ಪ್ಲೀನನ್ನು, ತೆಗೆದರು. ಎಡಗಣ್ಣು ಉಳಿಯಲಿಲ್ಲ. ನಮ್ಮ ಆಫೀಸಿನ ವರದಿಯಲ್ಲಿ ಈ ಪ್ರಕರಣ ಸಫಲ ಎಂದೇ ದಾಖಲಾಯಿತು: ಪ್ರವಾಸಿಗಳು ಇಬ್ಬರು, ಸಾವು ಇಲ್ಲ. ಫೋನ್ ಇಡಿ ಎಂದು ಹೇಳಿದ ನನ್ನ ಉಪಾಯವನ್ನು ಮೀಟಿಂಗಿನಲ್ಲಿ ಹೊಗಳಿ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಬಂದೆ. ಬಾತ್‌ರೂಮಿನಲ್ಲಿ ಮುಖ ತೊಳೆದುಕೊಂಡು ಮತ್ತೆ ಹೋಗಿ ಕೂತೆ, ಶಿಫ್ಟ್ ಮುಗಿದಿರಲಿಲ್ಲ.

ತಿಂಗಳುಗಳು ಕಳೆದ ಮೇಲೆ ಪ್ರಸನ್ನ ಊಟಕ್ಕೆ ಕರೆದ. ಅವರ ಮನೆ ಸಿಯಾಟಲ್‌ನಿಂದ ಆಚೆ ಡುವಾಲ್ ಎಂಬ ಊರಿನಲ್ಲಿ. ಹೊಲಗಳ ನಡುವಿನ ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಹೋಗುವಾಗ ಎರಡು ಸಲ ಗಾಡಿ ತಿರುಗಿಸಿಬಿಡೋಣ ಎನ್ನಿಸಿತು. ಬಾಗಿಲು ತೆರೆದವರು ವಿಶಾಲಾಕ್ಷಮ್ಮ. ಮೈಸೂರಿಗೆ ಹೋಗದೆ ಸೊಸೆಯ ಜೊತೆಗೇ ವಾಪಸ್ ಬಂದಿದ್ದರು. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು.

"ನಿನ್ನ ದನಿ ಕೇಳಿದ್ರೆ ಎತ್ತರದೋಳು ಅನ್ಸಿತ್ತು," ಎಂದರು ಅವರೂ. ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು.

ರಶ್ಮಿ ಕಪ್ಪು ಕನ್ನಡಕ ಹಾಕಿಕೊಂಡು ಊಟದ ಟೇಬಲ್ಲಿಗೆ ಬಂದಳು. ಅತ್ತೆ ಅವಳ ಎಡಗಡೆಗೇ ಕೂತರು. ಎಡಕ್ಕಿಟ್ಟ ಲೋಟ ಅವಳಿಗೆ ಕಾಣುವುದಿಲ್ಲ. ಆಕೆ ಮಾತಿನ ನಡುವೆಯೇ ಅದನ್ನು ಬಲಕ್ಕೆ ಸರಿಸುತ್ತಿದ್ದರು. ಊಟ ಮುಗಿಯುವವರೆಗೂ ಆ ದಿನದ ಮಾತು ಯಾರೂ ಎತ್ತಲಿಲ್ಲ. ಕಾಫಿ ಕೊಡುವಾಗ ಆಕೆಯೇ ಎತ್ತಿದರು.

"ಮೆಟ್ಟಿಲು ಇಳಿದು ಕೆಳಗೆ ನಿಂತ ಕೂಡ್ಲೇ ತಲೆಗೆ ಹೋಯ್ತು, ಇವಳು ಅಲ್ಲಿಗೇ ಬರ್ತಾಳೆ ಅಂತ. ಷಟರ್ ಅಲ್ಲ, ಕಬ್ಬಿಣದ ಪಂಜರದಲ್ಲಿಟ್ರೂ ಬರ್ತಾಳೆ. ಮೇಲೆ ಹತ್ತೋಕೆ ಹೋದೆ, ಆ ಕೆಂಪು ಕೂದಲಿನ ಹುಡುಗಿ ಬಿಡ್ಲಿಲ್ಲ. ಪೊಲೀಸಿನೋನೂ ಬಿಡ್ಲಿಲ್ಲ. ಫೋನ್ ಆನ್ ಮಾಡಿದೆ. ಇವಳಿಗೆ ಹೋಗ್ಲಿಲ್ಲ. ನಿಂಗೆ ಹೇಳೋಣ ಅಂದ್ರೆ ನಿನ್ನ ನಂಬರೇ ಇಲ್ಲ ಅದರಲ್ಲಿ. ನೀನು ಕೇಳಿದ್ರೆ ಹೇಳ್ತಿದ್ದೆ ಕಣಮ್ಮ."

ಆರೋಪದ ದನಿಯಲ್ಲಿ ಹೇಳಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಎಲ್ಲಿ ತಪ್ಪಿತು ಎಂದು ತೋರಿಸುವವರ ದನಿಯಲ್ಲಿ ಹೇಳಿದರು. ನಾನು ರಶ್ಮಿಯ ಕಡೆ ತಿರುಗಿದೆ. ಒಳಗೆ ಕ್ಷೇಮವಾಗಿ ಇದ್ದಿರಲ್ಲ, ಯಾಕೆ ಹೊರಗೆ ಬಂದಿರಿ ಎಂದು ಕೇಳಬಾರದಿತ್ತು, ಕೇಳಿದೆ.

"ಇಲ್ಲೇ ನಿಂತಿರಿ ಅಂದಿದ್ದು ನಾನಲ್ವಾ," ಎಂದಳು. "ಪ್ರಪಂಚ ಮುಳುಗಿದ್ರೂ ನಮ್ಮತ್ತೆ ಅಲ್ಲೇ ನಿಂತಿರ್ತಾರೆ ಅಂತ ಗೊತ್ತಿತ್ತು. ಹೋಗಿ ನೋಡಿದ್ರೆ ಇಲ್ಲ. ನೀರಿಗೆ ಬಿದ್ದಿದಾರೆ ಅಂದ್ಕೊಂಡೆ."

ಕೈಯಲ್ಲಿದ್ದ ಕಾಫಿಯನ್ನು ಟೇಬಲ್ಲಿನ ಮೇಲೆ ಇಟ್ಟೆ. ಕಾಫಿ ಸರಿಯಿಲ್ವಾ ಎಂದು ವಿಶಾಲಾಕ್ಷಮ್ಮ ಕೇಳಿದರು. ಚೆನ್ನಾಗಿದೆ ಎಂದೆ.

ಒಬ್ಬರನ್ನು ಅಪಾಯದಿಂದ ಆಚೆಗೆ ಸರಿಸಿದರೆ ಕೆಲಸ ಮುಗಿಯಿತು ಎಂದು ನಾವು ತಿಳಿದಿರುತ್ತೇವೆ. ಅವರು ನಿಂತಿದ್ದ ಜಾಗ ಖಾಲಿಯಾಗುತ್ತದೆ, ಆ ಖಾಲಿ ಜಾಗಕ್ಕೆ ಅವರನ್ನು ಪ್ರೀತಿಸುವವರು ಓಡಿಬರುತ್ತಾರೆ. ಇದನ್ನು ನನಗೆ ಕಲಿಸಲು ಯಾವ ತರಬೇತಿಯಿಂದಲೂ ಆಗಲಿಲ್ಲ. ನಮ್ಮ ಲೈನುಗಳ ನಂಬರು ಈಗ ಎಲ್ಲರ ಫೋನಿನಲ್ಲೂ ಕಾಣುತ್ತದೆ. ಅದಕ್ಕಾಗಿ ನಾನು ಮೇಲಿನವರ ಜೊತೆ ಮಾಡಿದ ಜಗಳ ಬೇರೆಯೇ ಕಥೆ. ನಮ್ಮ ಕೋಣೆಗೆ ಬರುವ ಹೊಸಬರಿಗೆ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿಸುತ್ತೇನೆ. ಗುಂಡು ಹಾರುತ್ತಿದ್ದರೂ ಸರಿ, ಬೆಂಕಿ ಬಿದ್ದಿದ್ದರೂ ಸರಿ, ಯಾರನ್ನಾದರೂ ನಿಂತ ಜಾಗದಿಂದ ಕದಲಿಸುವ ಮೊದಲು ಅದನ್ನು ಕೇಳಲೇಬೇಕು: ನಿಮ್ಮನ್ನು ಹುಡುಕಿಕೊಂಡು ಅಲ್ಲಿಗೆ ಯಾರು ಬರುತ್ತಾರೆ?

ಮೊದಲ ಸಲ ಕೇಳಿದಾಗ ಲೈನಿನ ಆ ಕಡೆಯವರಲ್ಲಿ ಹೆಚ್ಚಿನವರು ಯಾರೂ ಇಲ್ಲ ಎನ್ನುತ್ತಾರೆ. ನಾನು ಮತ್ತೊಮ್ಮೆ ಕೇಳುತ್ತೇನೆ. ಆಗ ಒಂದು ಹೆಸರು ಬರುತ್ತದೆ.